ಮೊದಲು ಲೆಕ್ಕದ ಪುಸ್ತಕ

ಪುಸ್ತಕದಂಗಡಿ ಮುಚ್ಚುತ್ತಿದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಊರಲ್ಲಿ ಆಗುವುದು ಒಂದು ಸಭೆ. ನಮ್ಮ ಮಲೆನಾಡಿನ ಊರಲ್ಲೂ ಆಯಿತು. ಕೆಳಗೆ ಅಂಗಡಿ, ಮಹಡಿಯ ಮೇಲೆ ಎಪ್ಪತ್ತು ಕುರ್ಚಿ ಹಿಡಿಯುವ ಹಾಲ್. ಅಲ್ಲಿ 140 ಜನ ಸೇರಿದರು. ಮೊದಲ ಕವಿತೆ ಯಾರು ಇಲ್ಲಿ ಓದಿದ್ದು, ಯಾವ ತಾಳಮದ್ದಲೆ ಬೆಳಗಿನ ಜಾವದವರೆಗೆ ನಡೆದದ್ದು ಎಂದು ಎರಡೂವರೆ ಗಂಟೆ ಮಾತಾಯಿತು. ಕೊನೆಯಲ್ಲಿ ಕೈಯೆತ್ತಿ ಒಪ್ಪಿಕೊಂಡ ಮೊತ್ತ ಕೂಡಿಸಿದರೆ 9 ಲಕ್ಷ. ತಿಂಗಳೊಳಗೆ ನಿಜವಾಗಿ ಬಂದದ್ದು 2 ಲಕ್ಷ 40 ಸಾವಿರ. ಅದನ್ನೂ ವಾಪಸ್ ಕೊಡಬೇಕಾಯಿತು.

ಯಾಕೆ ವಾಪಸ್ ಕೊಟ್ಟೆವು ಎಂಬುದು ಈ ಕೆಲಸದ ಅರ್ಧ ಪಾಠ. ಹಣವೆಲ್ಲ ಅಂಗಡಿಯ ಯಜಮಾನರ ಸ್ವಂತ ಖಾತೆಗೆ ಹೋಗಿತ್ತು. ಸಂಬಂಧಿಕರಲ್ಲದವರಿಂದ ಒಬ್ಬ ವ್ಯಕ್ತಿಗೆ ವರ್ಷದಲ್ಲಿ ಬಂದ ಉಡುಗೊರೆ ಹಣ ಒಟ್ಟು 50 ಸಾವಿರ ದಾಟಿದರೆ, ದಾಟಿದ ಭಾಗ ಮಾತ್ರವಲ್ಲ, ಅಷ್ಟೂ ಅವರ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ಹಾಗಾದರೆ ಸಾಲವಾಗಿ ತೆಗೆದುಕೊಳ್ಳೋಣ, ವರ್ಷಕ್ಕೆ ಶೇ. 6 ಬಡ್ಡಿ ಕೊಡೋಣ ಎಂದು ಕೆಲವರು ಹೇಳಿದರು. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆ ಇರುವಾಗ, ಊರಿನ ಜನರಿಂದ ಬಡ್ಡಿಯ ಆಸೆ ತೋರಿಸಿ ಹಣ ಎತ್ತುವುದು ಅಂಗಡಿ ಉಳಿಸಲು ಹೋಗಿ ಯಜಮಾನರನ್ನು ಠಾಣೆಗೆ ಕಳಿಸುವ ದಾರಿ. ಲೆಕ್ಕಪರಿಶೋಧಕರೊಬ್ಬರು ಇದನ್ನು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಿದರು. ಸಭೆಗೆ ಮುಂಚೆಯೇ ಅವರ ಹತ್ತಿರ ಹೋಗಬೇಕಿತ್ತು.

ಪುಸ್ತಕದಂಗಡಿ ಉಳಿಸಿದ ಕಥೆಗಳೆಂದರೆ ನಮಗೆ ನೆನಪಾಗುವುದು ಫೋಟೊಗಳು. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 2018ರ ಅಕ್ಟೋಬರ್‌ನಲ್ಲಿ ‘ಅಕ್ಟೋಬರ್ ಬುಕ್ಸ್’ ಅಂಗಡಿ ಹೊಸ ಜಾಗಕ್ಕೆ ಹೋದಾಗ ಇನ್ನೂರಕ್ಕೂ ಹೆಚ್ಚು ಜನ ಬೀದಿಯುದ್ದಕ್ಕೆ ಸಾಲಾಗಿ ನಿಂತು ಎರಡು ಸಾವಿರದಷ್ಟು ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಆ ಚಿತ್ರ ಎಲ್ಲರೂ ನೋಡಿದ್ದಾರೆ. ಆ ಸಾಲು ನಿಲ್ಲುವ ಮುಂಚೆ ಅದೇ ಬೀದಿಯ ಹಳೆಯ ಬ್ಯಾಂಕ್ ಕಟ್ಟಡ ಕೊಳ್ಳಲು ದೇಣಿಗೆ ಮತ್ತು ಸಾಲದ ರೂಪದಲ್ಲಿ 5 ಲಕ್ಷ ಪೌಂಡಿಗೂ ಹೆಚ್ಚು ಹಣ ಜೋಡಿಸಿದ್ದು ಫೋಟೊದಲ್ಲಿ ಕಾಣುವುದಿಲ್ಲ. ಅದು ಸಹಕಾರಿ ಮಾದರಿಯ ಅಂಗಡಿ, ಹಣ ತೆಗೆದುಕೊಳ್ಳುವ ಕೈ ಮೊದಲೇ ಇತ್ತು. ನಮ್ಮ ಕಡೆ ಬಹುಪಾಲು ಪುಸ್ತಕದಂಗಡಿಗಳು ಒಬ್ಬರ ಮಾಲೀಕತ್ವದವು. ಪ್ರೀತಿ ಎಷ್ಟಿದ್ದರೂ ಅದನ್ನು ಹಾಕಲು ಪಾತ್ರೆ ಇರುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಪಕ್ಕದ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿದಾಗ ಅದರ ಮಾಲೀಕ ಟಿ.ಎಸ್. ಶಾನಭಾಗರ ಮೇಲೆ ಓದುಗರಿಗಿದ್ದ ಅಭಿಮಾನಕ್ಕೇನೂ ಕೊರತೆ ಇರಲಿಲ್ಲ.

ಹಾಗಾಗಿ ಎರಡನೇ ಸಭೆಯಲ್ಲಿ ಭಾಷಣ ಇರಲಿಲ್ಲ. ಏಳು ಜನ ಕೂತು ಅಂಗಡಿಯ ಖಾತೆ ತೆರೆದೆವು. ಇದಕ್ಕೆ ಯಜಮಾನರನ್ನು ಒಪ್ಪಿಸುವುದೇ ಒಂದು ವಾರದ ಕೆಲಸ. “ಸಾಲ ಎಷ್ಟಿದೆ ಅಂತ ಊರಿಗೆಲ್ಲ ಹೇಳ್ಬೇಕಾ ಮಾರಾಯ್ರೆ?” ಎಂದು ಅವರು ಕೇಳಿದ್ದು ಸಹಜ. ಊರಿಗೆಲ್ಲ ಹೇಳುವುದು ಎರಡೇ ಅಂಕಿ, ತಿಂಗಳ ಕೊರತೆ ಮತ್ತು ಒಟ್ಟು ಬಾಕಿ. ಯಾರಿಗೆಷ್ಟು ಎಂಬ ಪಟ್ಟಿ ಏಳು ಜನರ ಆಚೆ ಹೋಗುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ಲೆಡ್ಜರ್ ಹೊರಬಂತು.

ತಿಂಗಳ ಲೆಕ್ಕ ಹೀಗಿತ್ತು. ಮಾರಾಟ 2 ಲಕ್ಷ 20 ಸಾವಿರ. ಪ್ರಕಾಶಕರು ಕೊಡುವ ಕಮಿಷನ್ ಸರಾಸರಿ ಶೇ. 33, ಅದರಲ್ಲಿ ಗಿರಾಕಿಗೆ ಶೇ. 10 ಬಿಟ್ಟರೆ ಉಳಿಯುವುದು 23, ಅಂದರೆ 50,600 ರೂಪಾಯಿ. ಹಾಲ್ ಬಾಡಿಗೆ ಹತ್ತು ಕಾರ್ಯಕ್ರಮಕ್ಕೆ ತಲಾ 1,500ರಂತೆ 15 ಸಾವಿರ. ಒಟ್ಟು ಆದಾಯ 65,600. ಖರ್ಚು: ಎರಡೂ ಅಂತಸ್ತಿನ ಬಾಡಿಗೆ 45 ಸಾವಿರ, ಇಬ್ಬರು ಕೆಲಸದವರ ಸಂಬಳ 32 ಸಾವಿರ, ಕರೆಂಟು 6,500, ಗುಡಿಸಿ ಒರೆಸುವುದು, ಇಂಟರ್‌ನೆಟ್, ಪ್ಯಾಕಿಂಗ್, ಚಹಾ ಎಲ್ಲ ಸೇರಿ 7,500. ಒಟ್ಟು 91 ಸಾವಿರ. ಯಜಮಾನರು ತಮಗೆಂದು ಒಂದು ರೂಪಾಯಿಯನ್ನೂ ಎತ್ತದೆ ತಿಂಗಳಿಗೆ 25,400 ಕೊರತೆ. ಇದರ ಮೇಲೆ ಕಟ್ಟಡದವರು ಬಾಡಿಗೆ 70 ಸಾವಿರ ಮಾಡಿ ಎಂದಿದ್ದರು. ಹಾಗೆ ಮಾಡಿದ್ದರೆ ಕೊರತೆ 50,400. ಇಷ್ಟು ದಿನ ಅಂಗಡಿ ನಡೆದದ್ದು ಹೇಗೆ ಎಂದರೆ ಪ್ರಕಾಶಕರ ಹಣದಲ್ಲಿ. ಅವರಿಗೆ ಕೊಡಬೇಕಾದದ್ದು 6 ಲಕ್ಷ 80 ಸಾವಿರ. ಬಾಡಿಗೆ ನಾಲ್ಕು ತಿಂಗಳು ಹಿಂದೆ ಬಿದ್ದಿತ್ತು, 1 ಲಕ್ಷ 80 ಸಾವಿರ.

ಮೊದಲ ಸಭೆಯಲ್ಲಿ ಒಪ್ಪಿಕೊಂಡ 9 ಲಕ್ಷ ಪೂರ್ತಿ ಬಂದಿದ್ದರೂ ಏನಾಗುತ್ತಿತ್ತು ನೋಡಿ: 8 ಲಕ್ಷ 60 ಸಾವಿರ ಬಾಕಿ ತೀರಿ, ಉಳಿದ 40 ಸಾವಿರ ಏರಿದ ಬಾಡಿಗೆಯ ಒಂದು ತಿಂಗಳ ಕೊರತೆಗೂ ಸಾಲದೆ, ಮತ್ತೆ ಅದೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆವು. ಹಳೆ ಬಾಕಿಯೂ ತಿಂಗಳ ಕೊರತೆಯೂ ಬೇರೆ ಬೇರೆ ರೋಗ. ಒಂದೇ ಮಾತ್ರೆ ಎರಡಕ್ಕೂ ಆಗುವುದಿಲ್ಲ.

ದಾಸ್ತಾನು

ಲೆಕ್ಕವಾದ ಮೇಲೆ ಎಣಿಕೆ. ಹಣ ಕೊಡಲಾಗದ, ಆದರೆ ಏನಾದರೂ ಮಾಡಬೇಕು ಎನ್ನುವ ಜನರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಹದಿನಾರು ಜನ, ಎಂಟು ಜೋಡಿ, ಎರಡು ಭಾನುವಾರ ದಿನಕ್ಕೆ ನಾಲ್ಕು ಗಂಟೆ. ಒಬ್ಬರು ಪುಸ್ತಕ ಎತ್ತಿ ಹೆಸರು, ಪ್ರಕಾಶಕರು, ಮುದ್ರಣದ ವರ್ಷ, ಬೆಲೆ ಓದುವುದು, ಇನ್ನೊಬ್ಬರು ಬರೆಯುವುದು. ಹೀಗೆ ಮಾಡಿದರೆ ಜೋಡಿಯೊಂದಕ್ಕೆ ಗಂಟೆಗೆ 180 ಪುಸ್ತಕ ಆಗುತ್ತದೆ. ನಮ್ಮಲ್ಲಿ ಸುಮಾರು 11,400 ಪ್ರತಿ ಇದ್ದವು. ಓದುಗರನ್ನು ಎಣಿಕೆಗೆ ಹಾಕಿದರೆ ಆಗುವ ತೊಂದರೆ ಒಂದೇ, ಎಣಿಸುವುದು ಬಿಟ್ಟು ಓದಲು ಕೂರುತ್ತಾರೆ. ಜೋಡಿ ಬದಲಿಸುತ್ತಿರಿ.

ಎಣಿಸುವಾಗಲೇ ಮೂರು ಗುಂಪು ಮಾಡಬೇಕು: ಮಾರಾಟವಾಗದಿದ್ದರೆ ವಾಪಸ್ ಕೊಡಬಹುದಾದದ್ದು, ಹಣ ಕೊಟ್ಟು ಕೊಂಡದ್ದು, ಲೇಖಕರೇ ತಂದು ಇಟ್ಟು ಹೋದದ್ದು. ನಾವು ಬಣ್ಣದ ಸ್ಟಿಕ್ಕರ್ ಅಂಟಿಸಿ ಗುರುತು ಮಾಡಿದೆವು, ಅದೂ ರಕ್ಷಾಪುಟದ ಮೇಲೆ. ದೊಡ್ಡ ತಪ್ಪು. ಗೋಂದಿನ ಕಲೆ ಇರುವ ಪ್ರತಿಯನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ. ಒಂದು ಸಂಜೆ ಪೂರ್ತಿ ಹೇರ್ ಡ್ರೈಯರ್ ಹಿಡಿದು ಸ್ಟಿಕ್ಕರ್ ಬಿಡಿಸುವುದೇ ಕೆಲಸವಾಯಿತು. ಪುಸ್ತಕದೊಳಗೆ ಒಂದು ಚೀಟಿ ಇಟ್ಟರೆ ಸಾಕು.

ವಾಪಸಿಗೆ ಹಳೆಯ ಬಿಲ್ಲು ಬೇಕೇಬೇಕು. ವರ್ಷ ದಾಟಿದ ಬಿಲ್ಲಿನ ಮಾಲಿಗೆ ಹೆಚ್ಚಿನವರು ಒಲ್ಲೆ ಎನ್ನುತ್ತಾರೆ. ಫೋನ್ ಮಾಡಿ ಸ್ಥಿತಿ ಹೇಳಿದರೆ ಕೆಲವರು ಒಪ್ಪುತ್ತಾರೆ. ಡೆಮಿ 1/8 ಆಕಾರದ (ಸಾಮಾನ್ಯ ಕಾದಂಬರಿಯ ಅಳತೆ) ಇನ್ನೂರು ಪುಟದ ಪುಸ್ತಕ ಸುಮಾರು ಕಾಲು ಕಿಲೊ ತೂಗುತ್ತದೆ. ಔಷಧದ ಅಂಗಡಿಯಿಂದ ತಂದ ಗಟ್ಟಿ ರಟ್ಟಿನ ಪೆಟ್ಟಿಗೆಗೆ 60 ಪ್ರತಿ, ಅಂದರೆ 15 ಕಿಲೊ. ಅದಕ್ಕಿಂತ ಹೆಚ್ಚು ತುಂಬಿದರೆ ಬಸ್ ಪಾರ್ಸೆಲ್‌ನಲ್ಲಿ ಇಳಿಸುವಾಗ ತಳ ಕಿತ್ತು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ವಾರಗಟ್ಟಲೆ ಇಡಬೇಡಿ, ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಕಳಿಸುವ ದಿನ ಸುತ್ತಿದರೆ ಸಾಕು. ಹೀಗೆ ವಾಪಸಾದ ಮಾಲಿನಿಂದ 2 ಲಕ್ಷ 10 ಸಾವಿರ ಬಾಕಿ ಇಳಿಯಿತು. ಪ್ರಕಾಶಕರ ಬಾಕಿ 4 ಲಕ್ಷ 70 ಸಾವಿರಕ್ಕೆ ಬಂತು.

ಅದರಲ್ಲಿ ಒಂದೂವರೆ ಲಕ್ಷ ಸಣ್ಣ ಪ್ರಕಾಶಕರದು ಮತ್ತು ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ ಲೇಖಕರದು. ಇವರಿಗೆ ಮೊದಲು, ಒಂದೇ ಸಲಕ್ಕೆ ಕೊಡಬೇಕು ಎಂದು ತೀರ್ಮಾನಿಸಿದೆವು. ನ್ಯಾಯ ಎಂಬುದು ಒಂದು ಕಾರಣ. ಇನ್ನೊಂದು, ಇವರೇ ಹಾಲ್‌ನಲ್ಲಿ ಕಾರ್ಯಕ್ರಮ ಮಾಡುವವರು. ಬಾಕಿ ಉಳಿಸಿಕೊಂಡ ಅಂಗಡಿಯ ಮಹಡಿ ಹತ್ತಲು ಯಾರಿಗೂ ಮನಸ್ಸಾಗುವುದಿಲ್ಲ. ಉಳಿದ 3 ಲಕ್ಷ 20 ಸಾವಿರ ದೊಡ್ಡ ಪ್ರಕಾಶಕರದು. ಅವರಿಗೆ ಪತ್ರ ಬರೆದು, ಕಂತಿನ ದಿನಾಂಕ ನಮೂದಿಸಿ, ಮೊದಲ ಕಂತಿನ ಜೊತೆಗೇ ಕಳಿಸಿದೆವು. ಬರಿಯ ಪತ್ರ ಕಳಿಸಿದ್ದರೆ ಅದಕ್ಕೆ ಉತ್ತರ ಬರುತ್ತಿರಲಿಲ್ಲ.

ಕಟ್ಟಡದವರು

ಹೋರಾಟ ಎಂದ ಕೂಡಲೇ ಎದುರಾಳಿ ಬೇಕು ಅನ್ನಿಸುತ್ತದೆ, ಸಿಗುವುದು ಕಟ್ಟಡದ ಯಜಮಾನರು. ನಮ್ಮ ಗುಂಪಿನ ಉತ್ಸಾಹಿಯೊಬ್ಬರು ವಾಟ್ಸ್ಯಾಪ್‌ನಲ್ಲಿ ‘ಬಾಡಿಗೆಯ ದುರಾಸೆಗೆ ಸಾಹಿತ್ಯ ಬಲಿ’ ಎಂದು ಬರೆದು ಹಂಚಿದರು. ಅದು ಅರ್ಧ ದಿನದಲ್ಲಿ ಕಟ್ಟಡದವರ ಮಗಳ ಫೋನಿಗೆ ತಲುಪಿತು. ಮಾತುಕತೆ ಎರಡು ವಾರ ನಿಂತುಹೋಯಿತು. ಆಮೇಲೆ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿದೆವು. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ಕಟ್ಟಡದವರ ಲೆಕ್ಕವನ್ನು ಅವರ ಕಡೆಯಿಂದ ನೋಡಿದಾಗ ದಾರಿ ಕಂಡಿತು. ಮುಖ್ಯ ರಸ್ತೆಯ ಕೆಳ ಅಂತಸ್ತಿಗೆ, ಅಂದರೆ ರಸ್ತೆ ಮಟ್ಟದ ಅಂಗಡಿಗೆ, ಬೇಡಿಕೆ ಇತ್ತು. ಲಿಫ್ಟಿಲ್ಲದ, ಪಾರ್ಕಿಂಗ್ ಇಲ್ಲದ, ಒಂದೇ ಮೆಟ್ಟಿಲಿನ ಮಹಡಿಗೆ ಇರಲಿಲ್ಲ. ಬೇರೆಯವರು ಬಂದರೆ ಮಹಡಿ ಖಾಲಿ ಬೀಳುತ್ತದೆ. ಊರಿನ ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ಮುಂದೆ ಮಾಡಿಕೊಂಡು ಮೂವರು ಮಾತ್ರ ಹೋಗಿ, ಕೆಳಗೆ 30 ಸಾವಿರ, ಮೇಲೆ 25 ಸಾವಿರ, ಒಟ್ಟು 55 ಸಾವಿರ, ವರ್ಷಕ್ಕೆ ಶೇ. 5 ಏರಿಕೆ ಎಂದು ಮುಂದಿಟ್ಟೆವು. ನಾಲ್ಕು ತಿಂಗಳ ಬಾಕಿಯನ್ನು ಅವರ ಬಳಿ ಇದ್ದ 3 ಲಕ್ಷ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಲು ಕೇಳಿದೆವು. ಒಪ್ಪಿದರು. ಅಡ್ವಾನ್ಸ್ 1 ಲಕ್ಷ 20 ಸಾವಿರಕ್ಕೆ ಇಳಿಯಿತು, ಕೈಯಿಂದ ಹಣ ಹೋಗದೆ ಬಾಡಿಗೆ ಬಾಕಿ ತೀರಿತು.

ಹಿಂದಿನ ಕರಾರು ಎಲ್ಲೆಡೆ ಇರುವಂತೆ 11 ತಿಂಗಳದ್ದು. ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು ತಪ್ಪಿಸಲು ಜನ 11ಕ್ಕೆ ನಿಲ್ಲಿಸುತ್ತಾರೆ. ಅಂಥ ಕಾಗದದ ಮೇಲೆ ಸಮುದಾಯದ ಹಣ ಹೂಡುವುದೆಂದರೆ ಮರಳಿನ ಮೇಲೆ ಮನೆ ಕಟ್ಟಿದಂತೆ. ಐದು ವರ್ಷದ ಕರಾರು ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದೆವು. ಅದರಲ್ಲಿ ಮೂರು ಸಾಲು ಹಟ ಹಿಡಿದು ಸೇರಿಸಿದೆವು: ಮಧ್ಯದಲ್ಲಿ ಬಿಡಿಸುವುದಾದರೆ ಆರು ತಿಂಗಳ ನೋಟಿಸ್, ಕಟ್ಟಡ ಮಾರಿದರೂ ಕರಾರು ಮುಂದುವರಿಯುವುದು, ಮಾರುವ ಮುಂಚೆ ಮೊದಲು ನಮ್ಮನ್ನು ಕೇಳುವುದು. ಕೊನೆಯದು ಈಗ ನಗು ತರಿಸುತ್ತದೆ, ಕೊಳ್ಳುವ ಶಕ್ತಿ ನಮಗೆಲ್ಲಿದೆ? ಆದರೆ ಸೌತಾಂಪ್ಟನ್‌ನವರಿಗೂ ಮೊದಲು ಇರಲಿಲ್ಲ.

ಎರಡು ಮಡಕೆ

ಕೆಳಗಿನ ಅಂಗಡಿಗೆ ಒಂದು, ಮೇಲಿನ ಹಾಲ್‌ಗೆ ಒಂದು, ಹೀಗೆ ಎರಡು ಬೇರೆ ಕರಾರು ಮಾಡಿಸಿದ್ದು ಯಾಕೆ ಎಂದು ಹಲವರು ಕೇಳಿದ್ದಾರೆ. ಇಡೀ ಕೆಲಸದ ಕೀಲಿ ಅದೇ.

ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಕೆಪ್ಲರ್ಸ್ ಪುಸ್ತಕದಂಗಡಿ 1955ರದು. 2005ರ ಆಗಸ್ಟ್ 31ರಂದು ಒಮ್ಮೆಗೇ ಬಾಗಿಲು ಹಾಕಿತು. ಊರವರು ಸೇರಿ, ಹೂಡಿಕೆದಾರರು ಮುಂದೆ ಬಂದು, ಅಕ್ಟೋಬರ್‌ನಲ್ಲಿ ಮತ್ತೆ ತೆರೆಯಿತು. ಏಳು ವರ್ಷದೊಳಗೆ ಮತ್ತೆ ಉಸಿರು ಕಟ್ಟಿತು. 2012ರಲ್ಲಿ ಪ್ರವೀಣ್ ಮದನ್ ಅವರ ಮುಂದಾಳತ್ವದಲ್ಲಿ ಅದನ್ನು ಎರಡಾಗಿ ಮಾಡಿದರು: ಪುಸ್ತಕ ಮಾರುವುದು ವ್ಯಾಪಾರ, ಲೇಖಕರ ಮಾತು ಮತ್ತು ಕಾರ್ಯಕ್ರಮಗಳದ್ದು ಲಾಭರಹಿತ ಸಂಸ್ಥೆ. ಮೊದಲ ಸಲ ಉಳಿದದ್ದು ಹಣದಿಂದ, ಎರಡನೇ ಸಲ ರಚನೆ ಬದಲಿಸಿದ್ದರಿಂದ. ನಮಗೆ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬಂತು.

ನಮ್ಮಲ್ಲಿ ಇದಕ್ಕೆ ತೆರಿಗೆಯ ಕಾರಣವೂ ಇದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಪುಸ್ತಕ ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಕಾಗಿಲ್ಲ. ಅದೇ ಅಂಗಡಿಯ ಹೆಸರಲ್ಲಿ ಹಾಲ್ ಬಾಡಿಗೆಗೆ ಕೊಟ್ಟರೆ, ಸದಸ್ಯತ್ವ ಶುಲ್ಕ ಪಡೆದರೆ, ಅದು ತೆರಿಗೆಯುಳ್ಳ ಸೇವೆ. ಆಗ ನೋಂದಣಿಗೆ ಇರುವ ವರ್ಷದ ವಹಿವಾಟಿನ 20 ಲಕ್ಷದ ಮಿತಿಯನ್ನು ಅಳೆಯುವಾಗ ತೆರಿಗೆ ಇಲ್ಲದ ಪುಸ್ತಕದ ಮಾರಾಟವನ್ನೂ ಸೇರಿಸಿ ಅಳೆಯುತ್ತಾರೆ. ನಮ್ಮ ಅಂಗಡಿಯದು ಪುಸ್ತಕವೊಂದರಲ್ಲೇ ವರ್ಷಕ್ಕೆ 26 ಲಕ್ಷ ದಾಟುತ್ತದೆ. ಹಾಲ್‌ನ ಮೊದಲ ರಸೀದಿಗೇ ನೋಂದಣಿ, ಶೇ. 18 ತೆರಿಗೆ, ರಿಟರ್ನ್ ಎಲ್ಲ ಬೆನ್ನಿಗೆ ಬೀಳುತ್ತಿತ್ತು. ಪುಸ್ತಕದಂಗಡಿಯವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ!

ಹಾಗಾಗಿ ಹಾಲ್ ನಡೆಸಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಒಂದು ಸಂಘ. ಕನಿಷ್ಠ ಏಳು ಜನ ಬೇಕು, ನಾವು ಹನ್ನೊಂದು ಇಟ್ಟುಕೊಂಡೆವು. ಸಹಕಾರ ಸಂಘ ಮಾಡಬಹುದಿತ್ತು, ಷೇರು ಹಂಚಬಹುದಿತ್ತು. ಚುನಾವಣೆ, ಕೋರಂ, ಇಲಾಖೆಯ ಪರಿಶೋಧನೆ ನೋಡಿಕೊಳ್ಳುವ ತ್ರಾಣ ನಮಗಿರಲಿಲ್ಲ. ಬೈಲಾ ಬರೆಯುವಾಗ ಅಂಗಡಿಯ ಯಜಮಾನರು ಸಮಿತಿಯಲ್ಲಿ ಇರಬಹುದು, ಖಜಾಂಚಿ ಆಗುವಂತಿಲ್ಲ ಎಂದು ಸೇರಿಸಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಕ್ಯೂಆರ್ ಕೋಡ್ ಸಂಘದ ಹೆಸರಿನದೇ ಇರಲಿ. ‘ಸದ್ಯಕ್ಕೆ ನನ್ನ ಫೋನ್‌ಪೇಗೆ ಹಾಕಿ’ ಎನ್ನುವ ಸ್ವಯಂಸೇವಕ ಎಷ್ಟೇ ಪ್ರಾಮಾಣಿಕನಾದರೂ ಆರು ತಿಂಗಳ ಮೇಲೆ ಲೆಕ್ಕ ಒಪ್ಪಿಸಲಾರ.

ಇಲ್ಲೇ ಇನ್ನೊಂದು ಗೆರೆ. ಸಂಘಕ್ಕೆ ಕಲೆಯ ಚಟುವಟಿಕೆಗೆಂದು ಬಂದ ದೇಣಿಗೆಯಿಂದ ಖಾಸಗಿ ಅಂಗಡಿಯ ಸಾಲ ತೀರಿಸುವಂತಿಲ್ಲ. ತೀರಿಸಿದರೆ ಆದಾಯ ತೆರಿಗೆ ವಿನಾಯಿತಿಗೂ ಕುತ್ತು, ಜನರ ನಂಬಿಕೆಗೂ ಕುತ್ತು. ‘80ಜಿ ಇದೆಯಾ?’ ಎಂದು ಕೇಳಿಯೇ ಕೊಡುವವರಿರುತ್ತಾರೆ. ಅದು ಕೊಟ್ಟವರಿಗೆ ತಮ್ಮ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ. ಆ ವಿನಾಯಿತಿ ದೇಣಿಗೆಗೆ ಮಾತ್ರ, ಪ್ರತಿಫಲ ಇರುವ ಸದಸ್ಯತ್ವ ಶುಲ್ಕಕ್ಕೆ ಅಲ್ಲ. ನಗದಾಗಿ 2 ಸಾವಿರಕ್ಕಿಂತ ಹೆಚ್ಚು ಕೊಟ್ಟರೂ ಸಿಗುವುದಿಲ್ಲ. ಅಮೆರಿಕ, ದುಬೈಯಲ್ಲಿರುವ ಊರಿನ ಮಕ್ಕಳು ಕಳಿಸುತ್ತೇವೆ ಎಂದಾಗ ಕೇಳಬೇಕಾದ ಪ್ರಶ್ನೆ, ‘ಪಾಸ್‌ಪೋರ್ಟ್ ಯಾವುದು?’ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿಯ ಸ್ವಂತ ಉಳಿತಾಯ ಬ್ಯಾಂಕಿನ ಮೂಲಕ ಬಂದರೆ ಅದು ವಿದೇಶಿ ವಂತಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು, ಓಸಿಐ ಕಾರ್ಡಿನವರು ಕೊಟ್ಟರೆ ವಿದೇಶಿ ವಂತಿಗೆ. ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಅಂಥವರಿಗೆ ನಾವು ಹೇಳಿದ್ದು, ಊರಲ್ಲಿರುವ ನಿಮ್ಮ ಅಪ್ಪ ಅಮ್ಮ ತಮ್ಮ ಹಣದಲ್ಲಿ ಸದಸ್ಯರಾಗಲಿ, ನೀವು ಬಂದಾಗ ಪುಸ್ತಕ ಕೊಳ್ಳಿ.

ಕೂಪನ್, ಸದಸ್ಯತ್ವ, ರಿಯಾಯಿತಿ

ಅಂಗಡಿಯ ಬಾಕಿಗೆ ಕಂಡುಕೊಂಡ ದಾರಿ ಮುಂಗಡ ಕೂಪನ್. 2 ಸಾವಿರ ಕೊಟ್ಟವರಿಗೆ 2 ಸಾವಿರದ ಪುಸ್ತಕ, ಮುಖಬೆಲೆಗೆ, ರಿಯಾಯಿತಿ ಇಲ್ಲ. ಇದು ಉಡುಗೊರೆಯೂ ಅಲ್ಲ, ಠೇವಣಿಯೂ ಅಲ್ಲ, ಮಾಲಿಗೆ ಕೊಟ್ಟ ಮುಂಗಡ. ವಾಪಸ್ ಕೊಟ್ಟ ಹಣದ ಬಹುಪಾಲು ಹೀಗೆ ತಿರುಗಿ ಬಂತು. 160 ಕೂಪನ್, 3 ಲಕ್ಷ 20 ಸಾವಿರ.

ಈ ಮೊತ್ತ ನೋಡಿ ಹಿಗ್ಗುವುದೇ ಅಪಾಯ. ಆ ಪುಸ್ತಕಗಳನ್ನು ಪ್ರಕಾಶಕರಿಂದ ತರಲು ಶೇ. 67, ಅಂದರೆ 2 ಲಕ್ಷ 14 ಸಾವಿರದ ನಾನೂರು ಎತ್ತಿಡಬೇಕು. ನಿಜವಾಗಿ ಕೈಗೆ ಬಂದದ್ದು 1,05,600. ಇನ್ನೊಂದು: ಕೂಪನ್ ಕೊಂಡವರೆಲ್ಲ ಮೊದಲ ತಿಂಗಳೇ ಬಂದು ತೀರಿಸಿಕೊಂಡರೆ ಆ ತಿಂಗಳು ಗಲ್ಲಾಪೆಟ್ಟಿಗೆಗೆ ನಗದೇ ಬೀಳುವುದಿಲ್ಲ. ಅದಕ್ಕೆ ಕೂಪನ್ನನ್ನು 500ರ ನಾಲ್ಕು ಚೀಟಿ ಮಾಡಿ, ಮೂರು ತಿಂಗಳಿಗೊಂದು ಬಳಸುವಂತೆ ಮುದ್ರಿಸಿದೆವು. ಚೀಟಿಗೆ ಕ್ರಮಸಂಖ್ಯೆ ಮತ್ತು ಒಣ ಮುದ್ರೆ, ಅಂದರೆ ಶಾಯಿಯಿಲ್ಲದ ಉಬ್ಬು ಮುದ್ರೆ. ಬರಿಯ ಜೆರಾಕ್ಸ್ ಕೂಪನ್ ಮಾಡಿದರೆ ಅದರ ಜೆರಾಕ್ಸೂ ಬರುತ್ತದೆ.

ಕೂಪನ್ನಿನಿಂದ ಉಳಿದದ್ದರ ಜೊತೆಗೆ, ಹಣ ಕೊಟ್ಟು ಕೊಂಡ ಹಳೆಯ ದಾಸ್ತಾನನ್ನು ಅರ್ಧ ಬೆಲೆಗೆ ಎರಡು ದಿನ ಮಾರಿದ್ದರಲ್ಲಿ 1 ಲಕ್ಷ 40 ಸಾವಿರ ಬಂತು. ಒಟ್ಟು 2,45,600. ಸಣ್ಣವರ ಒಂದೂವರೆ ಲಕ್ಷ ತೀರಿತು, ಉಳಿದ 95,600 ದೊಡ್ಡವರಿಗೆ ಮೊದಲ ಕಂತು. ಅವರಿಗೆ ಇನ್ನುಳಿದದ್ದು 2,24,400, ಇಪ್ಪತ್ತನಾಲ್ಕು ತಿಂಗಳಿಗೆ ತಲಾ 9,350.

ತಿಂಗಳ ಕೊರತೆಗೆ ಬೇಕಾದದ್ದು ತಿಂಗಳು ತಿಂಗಳು ಬರುವ ಹಣ. ಕನ್ನಡಕ್ಕೆ ಇದು ಹೊಸದಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗ ಅದರ ಬಲ ಚಂದಾದಾರರೇ. ಇತ್ತೀಚಿನ ಮಾದರಿ ಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೊದ ಬಾರ್ಡರ್‌ಲ್ಯಾಂಡ್ಸ್ ಬುಕ್ಸ್. 2015ರಲ್ಲಿ ಮುಚ್ಚುತ್ತೇವೆ ಎಂದು ಹೇಳಿ, ವರ್ಷಕ್ಕೆ 100 ಡಾಲರ್ ಕೊಡುವ 300 ಜನ ಸಿಕ್ಕರೆ ಮುಚ್ಚುವುದಿಲ್ಲ ಎಂದಿತು. ಸಿಕ್ಕರು. ಅಲ್ಲಿನ ಜಾಣತನ ಇರುವುದು ‘ಎಷ್ಟಾದರೂ ಕೊಡಿ’ ಎನ್ನದೆ ಸಂಖ್ಯೆ, ಮೊತ್ತ, ಕೊನೆಯ ದಿನ ಮೂರನ್ನೂ ಹೇಳಿದ್ದರಲ್ಲಿ. ನಾವೂ 300 ಎಂದೆವು. ತಿಂಗಳಿಗೆ 100ರಂತೆ ವರ್ಷಕ್ಕೆ 1,200 ರೂಪಾಯಿ. ಅಂಗಡಿಯ ಬಾಗಿಲಿನ ಹಲಗೆಯ ಮೇಲೆ ಪ್ರತಿದಿನ ಎಷ್ಟಾಯಿತು ಎಂದು ಸೀಮೆಸುಣ್ಣದಲ್ಲಿ ಬರೆದೆವು. 180ರವರೆಗೆ ಹತ್ತು ದಿನ, 180ರಿಂದ 300ಕ್ಕೆ ಏಳು ವಾರ. ಮಧ್ಯದ ಆ ಹಳ್ಳ ಎಲ್ಲರಿಗೂ ಬರುತ್ತದೆ. ಅಲ್ಲಿ ಕೆಲಸ ಮಾಡುವುದು ಪೋಸ್ಟರ್ ಅಲ್ಲ. ಕಾಲೇಜಿನ ಸ್ಟಾಫ್ ರೂಮು, ಬ್ಯಾಂಕಿನ ಊಟದ ಹೊತ್ತು, ಯಕ್ಷಗಾನ ಸಂಘದ ತಾಲೀಮು, ಅಲ್ಲಿಗೇ ಹೋಗಿ ಹತ್ತು ನಿಮಿಷ ಮಾತಾಡಿ ಫಾರಂ ತುಂಬಿಸಿಕೊಂಡು ಬರುವುದು.

ಸದಸ್ಯರಿಗೆ ಏನು ಕೊಡಬೇಕು ಎಂಬಲ್ಲಿ ಎಡವಿದೆವು. ಮೊದಲ ಕರಡಿನಲ್ಲಿ ಪುಸ್ತಕಕ್ಕೆ ಹೆಚ್ಚುವರಿ ಶೇ. 10 ರಿಯಾಯಿತಿ ಇತ್ತು. ವರ್ಷಕ್ಕೆ 12 ಸಾವಿರದ ಪುಸ್ತಕ ಕೊಳ್ಳುವ ಒಳ್ಳೆಯ ಓದುಗ ತನ್ನ 1,200ನ್ನು ಪೂರ್ತಿ ವಾಪಸ್ ಒಯ್ಯುತ್ತಾನೆ. ಅದೂ ಸಂಘಕ್ಕೆ ಕೊಟ್ಟದ್ದನ್ನು ಅಂಗಡಿಯಿಂದ! ಅದನ್ನು ಹೊಡೆದುಹಾಕಿ, ಹಾಲ್‌ನ ಕಾರ್ಯಕ್ರಮಗಳಿಗೆ ಕಾದಿರಿಸಿದ ಕುರ್ಚಿ, ತಿಂಗಳಿಗೊಂದು ಸದಸ್ಯರ ಓದು, ವರ್ಷದ ಲೆಕ್ಕಪತ್ರ ಮನೆಗೆ, ಇಷ್ಟೇ ಇಟ್ಟೆವು. ಯಾರೂ ಗೊಣಗಲಿಲ್ಲ. ಗೊಣಗಿದ್ದು ಎಲ್ಲ ಗಿರಾಕಿಗಳಿಗೆ ಕೊಡುತ್ತಿದ್ದ ರಿಯಾಯಿತಿಯನ್ನು 10ರಿಂದ 5ಕ್ಕೆ ಇಳಿಸಿದಾಗ. “ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗುತ್ತೆ” ಎನ್ನುವವರಿಗೆ ಉತ್ತರವಿಲ್ಲ, ನಿಜ. ಆದರೆ ಆ ಶೇ. 5 ತಿಂಗಳಿಗೆ 11 ಸಾವಿರ.

ಹಾಲ್‌ಗೆ ಒಂದೇ ದರದ ಬದಲು ಮೂರು ದರ ಮಾಡಿದೆವು: ವಿದ್ಯಾರ್ಥಿ ತಂಡಗಳಿಗೆ 1,000, ಸಾಮಾನ್ಯ ಕಾರ್ಯಕ್ರಮಕ್ಕೆ 2,000, ಕಂಪನಿ ತರಬೇತಿಗೆ 4,000. ತಿಂಗಳಿಗೆ ಹನ್ನೆರಡು ಕಾರ್ಯಕ್ರಮ, ಸರಾಸರಿ 2,000. ಪುಸ್ತಕ ಬಿಡುಗಡೆಗೆ ಹಾಲ್ ಕೊಡುವಾಗ ಒಂದು ಷರತ್ತು: ಆ ದಿನದ ಮಾರಾಟ ಕೆಳಗಿನ ಅಂಗಡಿಯ ಬಿಲ್ಲಿನಲ್ಲೇ ಆಗಬೇಕು. ಲೇಖಕರೇ ಬಾಗಿಲಲ್ಲಿ ಮೇಜು ಹಾಕಿ ಮಾರಿದರೆ, ಊರು ಸೇರಿದ ಸಂಜೆ ಅಂಗಡಿ ಬರಿಗೈಯಲ್ಲಿ ನಿಂತಿರುತ್ತದೆ. ಎಪ್ಪತ್ತು ಕುರ್ಚಿ ಎಂದರೆ ಎಪ್ಪತ್ತೇ. ಆ ಮೊದಲ ಸಭೆಯಲ್ಲಿ ಒಂದೇ ಮೆಟ್ಟಿಲಿನ ಮಹಡಿಗೆ 140 ಜನರನ್ನು ಹತ್ತಿಸಿದ್ದು ಈಗ ನೆನೆದರೆ ಎದೆ ನಡುಗುತ್ತದೆ. ಹಾಲ್‌ನ ನಡುವೆ ಪುಸ್ತಕದ ಕಪಾಟು ಇಡುವ ಆಸೆಯನ್ನೂ ಬಿಟ್ಟೆವು. ಆರು ಹಲಗೆಯ ಮೂರಡಿ ಕಪಾಟು ತುಂಬಿದರೆ 150 ಕಿಲೊ ಹತ್ತಿರ ತೂಗುತ್ತದೆ, ಅದರ ಜಾಗ ಗೋಡೆಯ ಬದಿಗೆ. ರಾತ್ರಿ 10ರ ಮೇಲೆ ಮೈಕ್ ಬಂದ್; ಕಿಟಕಿ ತೆರೆದ ಮಹಡಿಯಿಂದ ಭಾಗವತರ ಪದ ಎದುರಿನ ನರ್ಸಿಂಗ್ ಹೋಮಿಗೆ ನೇರ ಹೋಗುತ್ತದೆ.

ಈಗಿನ ತಿಂಗಳ ಲೆಕ್ಕ. ಸಂಘಕ್ಕೆ ಸದಸ್ಯತ್ವದಿಂದ 30 ಸಾವಿರ, ಹಾಲ್‌ನಿಂದ 24 ಸಾವಿರ. ಖರ್ಚು ಬಾಡಿಗೆ 25, ಒಬ್ಬರ ಸಂಬಳ 16, ಕರೆಂಟು 4, ಉಳಿದದ್ದು 4, ಒಟ್ಟು 49 ಸಾವಿರ. 5 ಸಾವಿರ ಆಪತ್ತಿಗೆ ಎತ್ತಿಡುತ್ತೇವೆ. ಅಂಗಡಿಗೆ, ಕಮಿಷನ್ 33ರಲ್ಲಿ ರಿಯಾಯಿತಿ 5 ಕಳೆದು, ಶೇ. 28ರ ಲೆಕ್ಕದಲ್ಲಿ 61,600. ಖರ್ಚು ಬಾಡಿಗೆ 30 ಸಾವಿರ, ಸಂಬಳ 16 ಸಾವಿರ, ಕರೆಂಟು 2,500, ಇತರೆ 3,500, ಒಟ್ಟು 52 ಸಾವಿರ. ಉಳಿಯುವ 9,600ರಲ್ಲಿ 9,350 ಪ್ರಕಾಶಕರ ಕಂತಿಗೆ. ಯಜಮಾನರ ಕೈಗೆ 250 ರೂಪಾಯಿ.

ಇದನ್ನು ಉಳಿಸುವುದು ಎನ್ನಬಹುದೇ ಎಂದು ನಮ್ಮಲ್ಲೇ ಜಗಳವಾಯಿತು. ಎರಡು ವರ್ಷ ಒಬ್ಬ ಮನುಷ್ಯ ಸಂಬಳವಿಲ್ಲದೆ ಬೆಳಗ್ಗೆ ಹತ್ತಕ್ಕೆ ಬೀಗ ತೆಗೆಯಬೇಕು ಎಂಬ ಯೋಜನೆಯನ್ನು ಯೋಜನೆ ಎನ್ನಲು ನಾಚಿಕೆಯಾಗಬೇಕು. ಕಾಲೇಜು ಗ್ರಂಥಾಲಯಗಳ ಆರ್ಡರ್ ಹಿಡಿದೆವು, ಅವರು ಶೇ. 20 ರಿಯಾಯಿತಿ ಕೇಳುತ್ತಾರೆ, ಹಣ ಬರುವುದು ಮೂರು ನಾಲ್ಕು ತಿಂಗಳಿಗೆ. ತಿಂಗಳಿಗೆ 40 ಸಾವಿರದ ಆರ್ಡರ್ ಸಿಕ್ಕರೆ ಉಳಿಯುವುದು 5,200. ಸಿಕ್ಕ ತಿಂಗಳು ಅದು ಪೂರ್ತಿ ಯಜಮಾನರಿಗೆ ಎಂದು ಬರೆದಿಟ್ಟಿದ್ದೇವೆ. ಸರಕಾರದ ಧನಸಹಾಯವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಂದಿನ ವರ್ಷಗಳ ಲೆಕ್ಕಪತ್ರ ಕೇಳಿದರೆ ತೋರಿಸಲು ಹೊಸ ಸಂಘದ ಬಳಿ ಏನೂ ಇರುವುದಿಲ್ಲ, ಬಂದಾಗ ಬರಲಿ.

ಸದಸ್ಯತ್ವ ಶುರು ಮಾಡಿದ್ದು ಜೂನ್‌ನಲ್ಲಿ. ಮರುವರ್ಷ ಅದೇ ಜೂನ್‌ನಲ್ಲಿ ನವೀಕರಣ ಬಂದಾಗ, ಮಕ್ಕಳ ಶಾಲೆಯ ಫೀಸು, ಕೊಡೆ, ಕಂಬಳಿಯ ಜೊತೆ ನಮ್ಮ 1,200 ಸ್ಪರ್ಧೆಗೆ ನಿಂತಿತು. 300ರಲ್ಲಿ 211 ಜನ ಮಾತ್ರ ಕಟ್ಟಿದರು. ಆ ಲೆಕ್ಕದಲ್ಲಿ ಸಂಘಕ್ಕೆ ತಿಂಗಳಿಗೆ 3,900 ಕೊರತೆ. ಉಳಿದ 89 ಹೆಸರುಗಳನ್ನು ಹತ್ತು ಜನ ಹಂಚಿಕೊಂಡು ಫೋನ್ ಮಾಡಿದೆವು; 54 ಜನ “ಅಯ್ಯೋ, ಮರೆತೇ ಹೋಗಿತ್ತು” ಎಂದು ಅದೇ ವಾರ ಕಟ್ಟಿದರು. 265 ಆಯಿತು, ಕೊರತೆ ತಪ್ಪಿತು. ಅಡಿಕೆ ಮಾರಿ ಕೈಯಲ್ಲಿ ನಾಲ್ಕು ಕಾಸಿರುವ ಹೊತ್ತು ಎಂದು ಈಗ ನವೀಕರಣವನ್ನು ಯುಗಾದಿಗೆ ತಂದಿದ್ದೇವೆ. ಒಂದು ಸಲ ಸಂದೇಶ, ಒಂದು ಸಲ ಫೋನ್. ಮೂರನೇ ಸಲ ಕೇಳುವುದಿಲ್ಲ.